ಬೋರಿಂಗ್‌ಗೆ ಮೊದಲು ಗ್ಯಾಸ್ಕೆಟ್: ಹಳೆಯ ಅಂಬಾಸಿಡರ್, ಪದ್ಮಿನಿ ಇಂಜಿನ್‌ಗಳ ಹೆಡ್ ಪ್ಯಾಕಿಂಗ್ ಕುರಿತು

ಹಳೆಯ ಕಾರಿನ ಇಂಜಿನ್ ಬಿಚ್ಚಿದಾಗ ನಮ್ಮ ಕೆಲಸ ಸಾಮಾನ್ಯವಾಗಿ ಯಾವ ಕ್ರಮದಲ್ಲಿ ನಡೆಯುತ್ತದೆ, ನೋಡಿ. ಮೊದಲು ಬ್ಲಾಕ್ ಬೋರಿಂಗ್‌ಗೆ, ಅಂದರೆ ಸವೆದ ಸಿಲಿಂಡರ್‌ಗಳನ್ನು ಕೊರೆದು ಸ್ವಲ್ಪ ದೊಡ್ಡದು ಮಾಡಿಸಲು ಹೋಗುತ್ತದೆ. ಅಲ್ಲಿ ಸವೆತ ಅಳೆದು 'ನಲವತ್ತಕ್ಕೆ ಹೋಗಬೇಕು' ಅಂತಲೋ 'ಅರವತ್ತಾದರೂ ಬೇಕು' ಅಂತಲೋ ಹೇಳುತ್ತಾರೆ. ಆ ಸೈಜಿನ ಪಿಸ್ಟನ್ ಸೆಟ್ ಹುಡುಕುತ್ತೇವೆ. ಬೋರ್ ಆಗಿ ಬರುತ್ತದೆ. ಕ್ರ್ಯಾಂಕು, ಬೇರಿಂಗು, ವಾಲ್ವು ಎಲ್ಲ ಮುಗಿಯುತ್ತದೆ. ಇನ್ನು ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಕೂರಿಸಬೇಕು ಅನ್ನುವಾಗ ಅಂಗಡಿಗೆ ಹೋಗಿ 'ಅಂಬಾಸಿಡರ್‌ದು ಒಂದು ಹೆಡ್ ಪ್ಯಾಕಿಂಗ್ ಕೊಡಿ' ಅನ್ನುತ್ತೇವೆ. ಹೆಡ್ ಪ್ಯಾಕಿಂಗ್ ಅಂದರೆ ಬ್ಲಾಕಿಗೂ ಹೆಡ್‌ಗೂ ನಡುವೆ ಕೂರುವ ಹಾಳೆ, ಹೆಡ್ ಗ್ಯಾಸ್ಕೆಟ್.

ಈ ಕ್ರಮ ಉಲ್ಟಾ ಆಗಬೇಕು. ಬ್ಲಾಕ್ ಬೋರಿಂಗ್‌ಗೆ ಹೋಗುವ ಮೊದಲೇ ಗ್ಯಾಸ್ಕೆಟ್ ನಿಮ್ಮ ಕೈಯಲ್ಲಿರಬೇಕು. ಅದರ ತೂತನ್ನು ಅಳೆದಿರಬೇಕು. ಎಷ್ಟಕ್ಕೆ ಬೋರ್ ಮಾಡಿಸಬೇಕು ಅನ್ನುವ ತೀರ್ಮಾನದಲ್ಲಿ ಪಿಸ್ಟನ್‌ಗೆ ಎಷ್ಟು ಪಾಲಿದೆಯೋ ಗ್ಯಾಸ್ಕೆಟ್‌ಗೂ ಅಷ್ಟೇ ಪಾಲಿದೆ. ಇವತ್ತು ಹೇಳಬೇಕಾದ ಮುಖ್ಯ ವಿಷಯ ಇದೇ. ಯಾಕೆ ಅನ್ನುವುದನ್ನು ಲೆಕ್ಕದ ಸಮೇತ ನೋಡೋಣ.

ನಾನು ಮಾತಾಡುವುದು ಎರಡು ಇಂಜಿನ್‌ಗಳನ್ನು ಇಟ್ಟುಕೊಂಡು. ಒಂದು, ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್. ಅದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಎರಡು, ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಇಂಜಿನ್, ಅಂದರೆ ಇಟಲಿಯ ಫಿಯಟ್ 1100ರದು. ಅಂಬಾಸಿಡರ್‌ಗೆ ಆಮೇಲೆ ಬಂದ ಇಸುಜು 1.8 ಇಂಜಿನ್, ಡೀಸೆಲ್ ಇಂಜಿನ್ ಇವೆರಡನ್ನೂ ಇವತ್ತು ಮುಟ್ಟುವುದಿಲ್ಲ. ಡೀಸೆಲ್‌ನ ಒತ್ತಡವೇ ಬೇರೆ, ಅದರ ಗ್ಯಾಸ್ಕೆಟ್‌ನ ಕಥೆಯೂ ಬೇರೆ.

ಅಂಬಾಸಿಡರ್‌ನ ಬೋರ್, ಅಂದರೆ ಸಿಲಿಂಡರಿನ ವ್ಯಾಸ, 73.025 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ, 88.9. ಇಂಚಿನಲ್ಲಿ ಯೋಚಿಸಿ ಮಾಡಿದ ಇಂಜಿನ್ ಆದ್ದರಿಂದ ಓವರ್‌ಸೈಜ್ ಕೂಡ ಇಂಚಿನ ಲೆಕ್ಕ. ಇಂಚಿನ ಸಾವಿರದ ಒಂದು ಭಾಗಕ್ಕೆ ಒಂದು ಥೌ. ನಲವತ್ತು ಅಂದರೆ ಬೋರ್ ಸುಮಾರು 1 ಮಿಲಿಮೀಟರ್ ಜಾಸ್ತಿ, 74.04 ಆಗುತ್ತದೆ. ಅರವತ್ತು ಅಂದರೆ ಒಂದೂವರೆ ಮಿಲಿಮೀಟರ್ ಜಾಸ್ತಿ, 74.55. ಇಂಜಿನ್ 1489ರಿಂದ ಸುಮಾರು 1552 ಸಿಸಿ ಆಗುತ್ತದೆ. ಪದ್ಮಿನಿಯ ಬೋರ್ 68, ಸ್ಟ್ರೋಕ್ 75. ಅದು ಮೆಟ್ರಿಕ್. 1 ಮಿಲಿಮೀಟರ್ ದೊಡ್ಡದು ಮಾಡಿದರೆ 1122 ಸಿಸಿ ಹತ್ತಿರ ಬರುತ್ತದೆ.

ಒಂದೂವರೆ ಮಿಲಿಮೀಟರ್‌ಗೆ ಇಷ್ಟು ಮಾತಾ ಅನ್ನಿಸಬಹುದು. ಹೆಡ್ ಗ್ಯಾಸ್ಕೆಟ್ ಏನೇನು ತಡೆಯುತ್ತಿದೆ ಅಂತ ನೋಡಿದರೆ ಗೊತ್ತಾಗುತ್ತದೆ. ಒಂದೇ ಹಾಳೆ, ಅದರಲ್ಲೇ ಮೂರು ಕೆಲಸ. ನೀರು ಹೊರಗೆ ಬರಬಾರದು. ಹೆಡ್ ಮೇಲೆ ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳ ಶಾಫ್ಟ್‌ಗೆ ಮೇಲೇರುವ ಆಯಿಲ್ ದಾರಿಯಲ್ಲಿ ಸೋರಬಾರದು. ಸಿಲಿಂಡರಿನ ಬೆಂಕಿ ಸಿಲಿಂಡರಿನಲ್ಲೇ ಇರಬೇಕು. ಮೊದಲ ಎರಡು ಸುಲಭ, ಒತ್ತಡ ಕಡಿಮೆ. ಮೂರನೆಯದೇ ಕಷ್ಟ. ಇಂಥ ಇಂಜಿನ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಉರಿಯುವ ಗ್ಯಾಸಿನ ಒತ್ತಡ 50 ಬಾರ್‌ವರೆಗೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಸ್ಟ್ಯಾಂಡರ್ಡ್ ಬೋರಿನಲ್ಲಿ ಆ ಒತ್ತಡ ಹೆಡ್ ಅನ್ನು ಮೇಲಕ್ಕೆ ತಳ್ಳುವ ಬಲ 2,100 ಕೆಜಿಗಿಂತ ಸ್ವಲ್ಪ ಮೇಲೆ. ಅರವತ್ತಕ್ಕೆ ಹೋದರೆ ಇನ್ನೂ 90 ಕೆಜಿ ಸೇರುತ್ತದೆ. ಅಂದರೆ ನೂರಕ್ಕೆ ನಾಲ್ಕು ಭಾಗ. ಅಷ್ಟನ್ನು ಹೆಡ್ ಅನ್ನು ಬ್ಲಾಕಿಗೆ ಬಿಗಿದಿಡುವ ಸ್ಟಡ್‌ಗಳು ತಡೆದುಕೊಳ್ಳುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡು ಸಿಲಿಂಡರ್‌ಗಳ ಮಧ್ಯದ ಪಟ್ಟಿಯ ಬಗ್ಗೆ. ಎರಡು ಬೋರುಗಳ ನಡುವೆ ಉಳಿದಿರುವ ಆ ಕಬ್ಬಿಣದ ಸಣ್ಣ ಸೇತುವೆ. ಬೋರ್ ಒಂದೂವರೆ ಮಿಲಿಮೀಟರ್ ದೊಡ್ಡದಾದರೆ ಒಂದು ಸಿಲಿಂಡರ್ ಆ ಕಡೆಯಿಂದ ಮುಕ್ಕಾಲು, ಇನ್ನೊಂದು ಈ ಕಡೆಯಿಂದ ಮುಕ್ಕಾಲು ತಿನ್ನುತ್ತವೆ. ಪಟ್ಟಿ ಒಂದೂವರೆ ಮಿಲಿಮೀಟರ್ ಕಿರಿದಾಗುತ್ತದೆ. ನಿಮ್ಮ ಬ್ಲಾಕಿನಲ್ಲಿ ಅದು 8 ಮಿಲಿಮೀಟರ್ ಇದ್ದರೆ ಆರೂವರೆಗೆ ಇಳಿಯಿತು. ಸುಮಾರು ಐದನೇ ಒಂದು ಭಾಗ ಹೋಯಿತು. ಆ ಜಾಗದಲ್ಲೇ ಗ್ಯಾಸ್ಕೆಟ್‌ನ ಎರಡೂ ಕಡೆಯ ಫೈರ್ ರಿಂಗ್ ಕೂರಬೇಕು. ಎರಡೂ ಕಡೆಯಿಂದ ಬೆಂಕಿ. ಸ್ಟಡ್ ಮಾತ್ರ ದೂರದಲ್ಲಿದೆ. ಹಾಗಾಗಿ ಗ್ಯಾಸ್ಕೆಟ್ ಹೋಗುವಾಗ ಮೊದಲು ಹೋಗುವುದು ಇಲ್ಲೇ. ಕಂಪ್ರೆಷನ್ ಅಳೆದಾಗ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ, ಬೇರೇನೂ ಯೋಚಿಸುವ ಮೊದಲು ಈ ಪಟ್ಟಿಯ ಮೇಲೆ ಅನುಮಾನ ಪಡಿ.

ಫೈರ್ ರಿಂಗ್ ಅಂದೆ. ಅದು ಏನು ಅಂತ ಹೊಸಬರಿಗೆ ಹೇಳಿಬಿಡುತ್ತೇನೆ. ಹಳೆಯ ಗ್ಯಾಸ್ಕೆಟ್ ಕೈಗೆ ತೆಗೆದುಕೊಂಡರೆ ಸಿಲಿಂಡರ್ ತೂತಿನ ಸುತ್ತ ಒಂದು ಲೋಹದ ಅಂಚು ಮಡಚಿಕೊಂಡಿರುತ್ತದೆ. ಒಳಗಿರುವ ಮೆತ್ತನೆಯ ವಸ್ತುವನ್ನು ಮೇಲಿಂದ, ಕೆಳಗಿಂದ, ಒಳಗಿಂದ ಅದು ಮುಚ್ಚಿರುತ್ತದೆ. ಬೆಂಕಿಗೆ ಎದುರಾಗಿ ನಿಲ್ಲುವುದು ಆ ಮಡಿಕೆ. ಉಳಿದ ಹಾಳೆಗೆ ನೀರು, ಆಯಿಲ್ ತಡೆಯುವ ಕೆಲಸ ಅಷ್ಟೆ.

ಈಗ ತೂತಿನ ಅಳತೆಗೆ ಬರೋಣ. ಗ್ಯಾಸ್ಕೆಟ್ ತೂತು ಬೋರಿಗಿಂತ ದೊಡ್ಡದಿರಬೇಕು. ಎಷ್ಟು? ವ್ಯಾಸದಲ್ಲಿ 1ರಿಂದ ಒಂದೂವರೆ ಮಿಲಿಮೀಟರ್ ಜಾಸ್ತಿ ಇದ್ದರೆ ನಾನು ನೆಮ್ಮದಿಯಿಂದ ಹಾಕುತ್ತೇನೆ. ಅಂದರೆ ಸುತ್ತಲೂ ಅರ್ಧದಿಂದ ಮುಕ್ಕಾಲು ಮಿಲಿಮೀಟರ್. ಇಷ್ಟು ಯಾಕೆ ಬೇಕು ಅಂದರೆ, ಗ್ಯಾಸ್ಕೆಟ್‌ನ ಸ್ಟಡ್ ತೂತುಗಳು ಸ್ಟಡ್‌ಗಿಂತ ದೊಡ್ಡದಿರುತ್ತವೆ. ಕೂರಿಸುವಾಗ ಹಾಳೆ ಆಚೀಚೆ ಸರಿಯುತ್ತದೆ. ಹೆಡ್ ಬಿಗಿ ಮಾಡಿದಾಗ ಫೈರ್ ರಿಂಗ್ ಕೂಡ ಸ್ವಲ್ಪ ಒಳಕ್ಕೆ ಹಿಗ್ಗುತ್ತದೆ.

ಒಂದು ಉದಾಹರಣೆ. ನಿಮಗೆ ಸಿಕ್ಕಿದ ಗ್ಯಾಸ್ಕೆಟ್‌ನ ತೂತು 75 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಸ್ಟ್ಯಾಂಡರ್ಡ್ ಬೋರಿಗೆ ಸುತ್ತಲೂ ಸುಮಾರು 1 ಮಿಲಿಮೀಟರ್ ಜಾಗ ಇದೆ, ಆರಾಮ. ನಲವತ್ತಕ್ಕೆ ಹೋದರೆ ಅರ್ಧ ಮಿಲಿಮೀಟರ್ ಉಳಿಯಿತು. ಜೋಪಾನವಾಗಿ ನಡುವೆ ಕೂರಿಸಿದರೆ ನಡೆಯುತ್ತದೆ. ಅರವತ್ತಕ್ಕೆ ಹೋದರೆ ಉಳಿಯುವುದು ಕಾಲು ಮಿಲಿಮೀಟರ್‌ಗೂ ಕಡಿಮೆ. ಹಾಳೆ ಒಂಚೂರು ಸರಿದರೂ ಫೈರ್ ರಿಂಗ್ ಬೋರಿನೊಳಗೆ ಇಣುಕುತ್ತದೆ. ಈ ಗ್ಯಾಸ್ಕೆಟ್ ಮೊದಲೇ ಕೈಯಲ್ಲಿದ್ದಿದ್ದರೆ ನೀವು ನಲವತ್ತಕ್ಕೇ ನಿಲ್ಲಲು ನೋಡುತ್ತಿದ್ದಿರಿ. ಇಲ್ಲವೇ ದೊಡ್ಡ ತೂತಿನದನ್ನು ಹುಡುಕುತ್ತಿದ್ದಿರಿ. ಬೋರ್ ಆದ ಮೇಲೆ ಗೊತ್ತಾದರೆ ಎರಡರಲ್ಲಿ ಒಂದು ದಾರಿ ಆಗಲೇ ಮುಚ್ಚಿಹೋಗಿದೆ.

ಇಣುಕಿದರೆ ಏನಾಗುತ್ತದೆ? ಸೌದೆ ಒಲೆಯ ಮೇಲೆ ಹೆಂಚಿನಿಂದ ಆಚೆ ಚಾಚಿದ ರೊಟ್ಟಿಯ ಅಂಚು ನೋಡಿದ್ದೀರಲ್ಲ, ಕೆಳಗೆ ಹೆಂಚು ಇಲ್ಲದ ಕಡೆ ಬೆಂಕಿ ನೇರ ತಾಗಿ ಕರಕಲಾಗುತ್ತದೆ. ಇದೂ ಹಾಗೇ. ಬ್ಲಾಕಿಗೂ ಹೆಡ್‌ಗೂ ಒತ್ತಿಕೊಂಡಿರುವ ಲೋಹ ತನ್ನ ಬಿಸಿಯನ್ನು ಅವಕ್ಕೆ ದಾಟಿಸುತ್ತದೆ. ಗಾಳಿಯಲ್ಲಿ ಚಾಚಿಕೊಂಡಿರುವ ಲೋಹಕ್ಕೆ ಆ ದಾರಿ ಇಲ್ಲ. ಅದು ಕೆಂಪಗೆ ಕಾಯುತ್ತದೆ. ಪ್ಲಗ್ ಕಿಡಿ ಹಾರಿಸುವ ಮೊದಲೇ ಪೆಟ್ರೋಲ್ ಅಲ್ಲಿಂದ ಹೊತ್ತಿಕೊಳ್ಳುತ್ತದೆ. ಇಂಜಿನ್ ಆಫ್ ಮಾಡಿದರೂ ಕೆಮ್ಮುತ್ತಾ ಓಡುವುದು, ಏರಿನಲ್ಲಿ ಕಟಕಟ ಅನ್ನುವುದು ಇದರಿಂದಲೂ ಆಗಬಹುದು. ಕೊನೆಗೆ ಮಡಿಕೆ ಸುಟ್ಟು, ಒಳಗಿನ ತುಂಬುವಿಕೆ ಹಾರಿಹೋಗುತ್ತದೆ. ಪಿಸ್ಟನ್ ಡೆಕ್‌ಗಿಂತ, ಅಂದರೆ ಬ್ಲಾಕಿನ ಮೇಲ್ಮುಖಕ್ಕಿಂತ, ಮೇಲೆ ಬರುವ ಇಂಜಿನ್ ಆದರೆ ನೇರವಾಗಿ ಬಡಿಯಲೂಬಹುದು.

ಹಾಗಂತ ತೂತು ತೀರಾ ದೊಡ್ಡದಿರುವುದೂ ಬೇಡ. ಬೋರಿನ ಸುತ್ತ ಒಂದು ಸಂದು ಉಳಿಯುತ್ತದೆ. ಅಲ್ಲಿ ಸೇರಿಕೊಂಡ ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ, ಕರಿ ಕೂರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಧ್ಯದ ಪಟ್ಟಿಯ ಮೇಲೆ ಗ್ಯಾಸ್ಕೆಟ್‌ಗೆ ಉಳಿಯುವ ಅಗಲ ಕಡಿಮೆಯಾಗುತ್ತದೆ.

ಇನ್ನೊಂದು ಕಡೆಯೂ ನೋಡಬೇಕು, ತುಂಬ ಜನ ಮರೆಯುವ ಕಡೆ. ಗ್ಯಾಸ್ಕೆಟ್‌ನ ಮೇಲೆ ಹೆಡ್ ಇದೆ ಅಲ್ವಾ? ಹೆಡ್‌ನ ಚೇಂಬರ್, ಅಂದರೆ ಪೆಟ್ರೋಲ್ ಉರಿಯುವ ಗುಳಿ, ದುಂಡಗಿಲ್ಲ. ಬಿ-ಸೀರೀಸ್‌ನ ಚೇಂಬರ್ ಹೃದಯದ ಆಕಾರದ್ದು. ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ಅವರ ಕೈಚಳಕ ಅದು. ವಾಲ್ವ್ ಸೀಟ್ ದೊಡ್ಡದು ಮಾಡಿಸಿದ್ದರೆ, ಯಾರೋ ಹಿಂದೆ ಗ್ರೈಂಡರ್ ಆಡಿಸಿದ್ದರೆ, ಚೇಂಬರಿನ ಅಂಚು ಬೋರಿನಿಂದ ಆಚೆ ಹೋಗಿರಬಹುದು. ಹಾಗಾಗಿ ಗ್ಯಾಸ್ಕೆಟ್ ಅನ್ನು ಬ್ಲಾಕ್ ಮೇಲೆ ಇಟ್ಟು ನೋಡಿದ ಮೇಲೆ ಹೆಡ್‌ಗೆ ಹಿಡಿದೂ ನೋಡಿ. ಹೆಡ್ ತಿರುಗಿಸಿ ಬೆಂಚ್ ಮೇಲಿಟ್ಟು, ಗ್ಯಾಸ್ಕೆಟ್ ಹೊಂದಿಸಿ, ತೂತಿನ ಒಳಗಿನಿಂದ ಗೆರೆ ಎಳೆಯಿರಿ. ಗೆರೆ ಚೇಂಬರಿನ ಒಳಗೆ ಬಿದ್ದರೆ ಅಲ್ಲಿ ಗ್ಯಾಸ್ಕೆಟ್ ಇಣುಕುತ್ತಿದೆ ಅಂತ ಅರ್ಥ.

ಯಾವ ಗ್ಯಾಸ್ಕೆಟ್ ಆರಿಸಬೇಕು ಅನ್ನುವ ಪ್ರಶ್ನೆಗೆ ಈಗ ಬರಬಹುದು. ಈ ಕಾರುಗಳಿಗೆ ಮೊದಲಿಂದ ಬರುತ್ತಿದ್ದದ್ದು ಎರಡು ತಾಮ್ರದ ತಗಡಿನ ಮಧ್ಯೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇಟ್ಟು ಮಾಡಿದ ಗ್ಯಾಸ್ಕೆಟ್. ಸೀಲ್ ಮಾಡುವ ಗುಣದಲ್ಲಿ ಅದಕ್ಕೆ ಹೆಸರಿಡುವ ಹಾಗಿಲ್ಲ. ಮೇಲ್ಮೈ ಸ್ವಲ್ಪ ಒರಟಾಗಿದ್ದರೂ ಹೊಂದಿಕೊಳ್ಳುತ್ತದೆ. ಆದರೆ ಕಲ್ನಾರಿನ ಪುಡಿ ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಅದರಿಂದ ಬರುವ ಕ್ಯಾನ್ಸರ್ ಮೂವತ್ತು, ನಲವತ್ತು ವರ್ಷ ಬಿಟ್ಟು ಕಾಣಿಸಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರ ಕೈಗೆ ಸ್ಕ್ರೇಪರ್ ಕೊಟ್ಟು 'ಹಳೇ ಪ್ಯಾಕಿಂಗ್ ಕೆರಿ' ಅನ್ನುತ್ತೇವಲ್ಲ, ಆಗ ಈ ಮಾತು ನೆನಪಿರಲಿ. ಹಳೆಯ ಗ್ಯಾಸ್ಕೆಟ್ ಅನ್ನು ಒಣಗಿದ್ದಾಗ ಕೆರೆಯಬೇಡಿ. ನೀರು ಚಿಮುಕಿಸಿ ನೆನೆಸಿ ತೆಗೆಯಿರಿ. ವೈರ್ ಬ್ರಷ್ ಚಕ್ರ ಬೇಡ, ಏರ್ ಹೊಡೆಯುವುದಂತೂ ಬೇಡವೇ ಬೇಡ. ಒಳ್ಳೆಯ ಮಾಸ್ಕ್ ಹಾಕಿಸಿ. ತೆಗೆದದ್ದನ್ನು ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಬಿಡಿ. ವಿಷಯ ಬಿಟ್ಟು ಆಚೆ ಹೋದೆ ಅನ್ನಿಸಬಹುದು, ಆದರೆ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಎರಡನೆಯದು, ಕಲ್ನಾರು ಇಲ್ಲದ ಕಾಂಪೋಸಿಟ್ ಗ್ಯಾಸ್ಕೆಟ್. ಮಧ್ಯೆ ಹಲ್ಲು ಹಲ್ಲಾಗಿ ಕತ್ತರಿಸಿದ ಸ್ಟೀಲ್ ತಗಡು, ಎರಡೂ ಕಡೆ ಗ್ರಾಫೈಟ್ ಅಥವಾ ನಾರಿನ ಪದರ, ತೂತಿನ ಸುತ್ತ ಸ್ಟೀಲ್ ಮಡಿಕೆ. ದಿನಬಳಕೆಯ ಅಂಬಾಸಿಡರ್‌ಗೆ, ಪದ್ಮಿನಿಗೆ ನನ್ನ ಮೊದಲ ಆಯ್ಕೆ ಇದೇ. ತೂತಿನ ಅಳತೆ ಸರಿಹೊಂದಿದರೆ ಬೇರೆ ಹುಡುಕಬೇಡಿ.

ಮೂರನೆಯದು ಹೊಸ ಕಾರುಗಳಲ್ಲಿ ಬರುವ ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್. ಬಲಶಾಲಿ, ಅನುಮಾನವಿಲ್ಲ. ಆದರೆ ಅದಕ್ಕೆ ಹೆಡ್, ಬ್ಲಾಕ್ ಎರಡರ ಮೇಲ್ಮೈಯೂ ತುಂಬಾ ನಯವಾಗಿರಬೇಕು. ಒರಟುತನ 1 ಮೈಕ್ರಾನ್ ಒಳಗೇ ಇರಬೇಕು. ಡೆಕ್ ಸಮತಟ್ಟಾಗಿರಬೇಕು, ಹೆಡ್ ಬಗ್ಗಬಾರದು. ಕಾಂಪೋಸಿಟ್ ಆದರೆ ಅದರ ಎರಡು ಪಟ್ಟು ಒರಟುತನವನ್ನೂ ನುಂಗಿಕೊಳ್ಳುತ್ತದೆ. ನಮ್ಮ ಈ ಹಳೆಯ ಇಂಜಿನ್‌ಗಳಿಗೆ ದೂರದಿಂದ ತರಿಸಿ ಹಣ ಸುರಿಯುವುದರಲ್ಲಿ ಅರ್ಥ ಇಲ್ಲ ಅಂತ ನನ್ನ ಅಭಿಪ್ರಾಯ.

ನಾಲ್ಕನೆಯದು ಗಟ್ಟಿ ತಾಮ್ರದ ಒಂದೇ ತಗಡು. ಅದರ ಬಗ್ಗೆ ವಿವರವಾಗಿ ಮಾತಾಡಬೇಕು, ಯಾಕೆಂದರೆ ಸರಿಯಾದ ತೂತಿನ ಗ್ಯಾಸ್ಕೆಟ್ ಸಿಗದೆ ಹೋದಾಗ ನಮಗೆ ಉಳಿಯುವ ದಾರಿ ಅದು. ಅದಕ್ಕೆ ಮೊದಲು ಯಾವುದನ್ನು ಮಾಡಬಾರದು ಅಂತ ಹೇಳಿಬಿಡುತ್ತೇನೆ.

ಮಡಿಕೆ ಇರುವ ಗ್ಯಾಸ್ಕೆಟ್‌ನ ತೂತನ್ನು ಕತ್ತರಿಸಿ ದೊಡ್ಡದು ಮಾಡಬೇಡಿ. ತಗಡು ಕತ್ತರಿಯಲ್ಲಿ ಕತ್ತರಿಸಿ, ಅರ್ಧಚಂದ್ರ ಅರದಲ್ಲಿ ಉಜ್ಜಿ ಹಾಕಿದ ಗ್ಯಾಸ್ಕೆಟ್‌ಗಳನ್ನು ನಾನು ನೋಡಿದ್ದೇನೆ. ಹೊಸದಾಗಿ ಕೂಡಿಸಿದಾಗ ಇಂಜಿನ್ ಚೆನ್ನಾಗೇ ಓಡುತ್ತದೆ, ಮೋಸ ಹೋಗುವುದು ಅಲ್ಲೇ. ಕತ್ತರಿಸಿದ ತಕ್ಷಣ ಮಡಿಕೆ ಹೋಯಿತು. ಉಳಿದದ್ದು ಎರಡು ತೆಳು ತಗಡು, ಮಧ್ಯೆ ಬೆಂಕಿಗೆ ತೆರೆದ ಮೆತ್ತನೆಯ ವಸ್ತು. ಬೆಂಕಿ ಅದನ್ನು ಸ್ವಲ್ಪ ಸ್ವಲ್ಪವೇ ಕೆತ್ತುತ್ತದೆ. ಒಂದು ದಿನ ಪಕ್ಕದ ಸಿಲಿಂಡರಿಗೋ ನೀರಿನ ದಾರಿಗೋ ತೂತು ಬೀಳುತ್ತದೆ. ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆ, ಶಿರಾಡಿ ಘಾಟ್ ಹತ್ತುವಾಗ ಸೂಜಿ ಮೇಲೇರುತ್ತದೆ. ಆಗ ಎಲ್ಲರೂ ರೇಡಿಯೇಟರ್ ಕ್ಲೀನ್ ಮಾಡಿಸುತ್ತಾರೆ.

ಹಾಗಾದರೆ ಮಾಡಬಹುದಾದದ್ದು ಏನು? ಮೊದಲ ದಾರಿ, ಅದೇ ವಂಶದ ದೊಡ್ಡ ಇಂಜಿನ್‌ನ ಗ್ಯಾಸ್ಕೆಟ್ ನೋಡುವುದು. ಬಿ-ಸೀರೀಸ್ 1489ಕ್ಕೇ ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲಿ 1588 ಸಿಸಿ ಆಯಿತು, ಬೋರ್ ಸುಮಾರು 75.4. ಆಮೇಲೆ 1622 ಸಿಸಿ, ಬೋರ್ 76.2. ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ ಈ ಮೂರೂ ಬಂದಿವೆ. ಆ ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ಬೇರೆ ದೇಶಗಳಲ್ಲಿ ತುಂಬ ಇರುವುದರಿಂದ ಭಾಗಗಳು ಈಗಲೂ ಹೊಸದಾಗಿ ತಯಾರಾಗುತ್ತವೆ. ಅರವತ್ತಕ್ಕೆ ಹೋದ ಅಂಬಾಸಿಡರ್ ಬ್ಲಾಕಿಗೆ 76 ದಾಟಿದ ತೂತು ಚೆನ್ನಾಗಿ ಹೊಂದುತ್ತದೆ. ಆದರೆ ವಂಶ ಒಂದೇ ಅಂತ ಕಣ್ಣು ಮುಚ್ಚಿ ತರಿಸಬೇಡಿ. ನಿಮ್ಮ ಬ್ಲಾಕಿನ ಡೆಕ್ ಮೇಲೆ ಒಂದು ಹಾಳೆ ಹರಡಿ, ಗ್ರೀಸ್ ಹತ್ತಿದ ಬೆರಳಿನಿಂದ ಒತ್ತಿ ಎಲ್ಲ ತೂತುಗಳ ಗುರುತು ತೆಗೆದುಕೊಳ್ಳಿ. ಹೆಡ್‌ನದ್ದೂ ಹಾಗೇ ತೆಗೆಯಿರಿ. ಮಾರುವವರಿಂದ ಗ್ಯಾಸ್ಕೆಟ್‌ನ ಅಳತೆ ತರಿಸಿಕೊಂಡು ಸ್ಟಡ್, ನೀರು, ಆಯಿಲ್, ಪುಶ್‌ರಾಡ್ ತೂತುಗಳನ್ನು ಒಂದೊಂದಾಗಿ ಹೋಲಿಸಿ.

ನೀರಿನ ತೂತಿನ ಬಗ್ಗೆ ಒಂದು ಎಚ್ಚರಿಕೆ. ಬ್ಲಾಕಿನ ತೂತು ದೊಡ್ಡದಿದ್ದು ಗ್ಯಾಸ್ಕೆಟ್‌ನಲ್ಲಿ ಅದೇ ಜಾಗದ ತೂತು ಸಣ್ಣದಿದ್ದರೆ ತಯಾರಿಸಿದವರು ತಪ್ಪು ಮಾಡಿದ್ದಾರೆ ಅಂದುಕೊಳ್ಳಬೇಡಿ. ಪಂಪ್ ಇರುವುದು ಮುಂದುಗಡೆ. ಮುಂದಿನ ತೂತುಗಳೆಲ್ಲ ಅಗಲವಾಗಿದ್ದರೆ ನೀರು ಅಲ್ಲೇ ಮೇಲೇರಿ ರೇಡಿಯೇಟರಿಗೆ ವಾಪಸ್ ಹೋಗಿಬಿಡುತ್ತದೆ. ಹಿಂದಿರುವ ನಾಲ್ಕನೇ ಸಿಲಿಂಡರ್ ಬಿಸಿಯೇರುತ್ತದೆ. ನೀರನ್ನು ಹಿಂದಿನವರೆಗೆ ತಳ್ಳಲಿಕ್ಕೆ ಮುಂದಿನ ತೂತನ್ನು ಬೇಕೆಂದೇ ಸಣ್ಣದು ಮಾಡಿರುತ್ತಾರೆ. 'ನೀರು ಚೆನ್ನಾಗಿ ಹರಿಯಲಿ' ಅಂತ ಡ್ರಿಲ್ ಹಿಡಿದು ಅದನ್ನು ಅಗಲ ಮಾಡಿದರೆ ಉಲ್ಟಾ ಫಲ ಸಿಗುತ್ತದೆ. ಹಾಗೇ, ಗ್ಯಾಸ್ಕೆಟ್ ಮೇಲೆ ಟಾಪ್, ಫ್ರಂಟ್ ಅಂತ ಅಚ್ಚು ಇದ್ದರೆ ಅದನ್ನು ಪಾಲಿಸಿ.

ಇಂಗ್ಲೆಂಡಿನ ಮಿನಿ ಕಾರಿನವರ ಭಾಗ್ಯ ನಮಗಿಲ್ಲ. ಅವರು 1275 ಸಿಸಿ ಇಂಜಿನ್ ಅನ್ನು 70.6ರಿಂದ 73.5ಕ್ಕೆ ಬೋರ್ ಮಾಡಿ 1380 ಸಿಸಿ ಮಾಡುತ್ತಾರೆ. ಹಾಗೆ ಮಾಡುವವರು ಎಷ್ಟು ಜನ ಅಂದರೆ, ಆ ಬೋರಿಗೆಂದೇ ಗ್ಯಾಸ್ಕೆಟ್ ಅಂಗಡಿಯಲ್ಲಿ ಸಿಗುತ್ತದೆ. ಪದ್ಮಿನಿಗೆ ಅಂಥದ್ದು ಯಾರು ಮಾಡುತ್ತಾರೆ? ನಾವೇ ಮಾಡಿಸಿಕೊಳ್ಳಬೇಕು. ಅಲ್ಲಿಗೆ ತಾಮ್ರದ ತಗಡಿನ ವಿಷಯಕ್ಕೆ ಬಂದೆವು.

ಶುದ್ಧ ತಾಮ್ರದ ತಗಡು ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ. ನಮಗೆ ಬೇಕಾದದ್ದು 1 ಮಿಲಿಮೀಟರ್ ಆಸುಪಾಸಿನದು. ಸರಿಯಾದ ಹಳೆಯ ಗ್ಯಾಸ್ಕೆಟ್ ಒಂದನ್ನು ಪಕ್ಕದಲ್ಲಿ ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡಿ, ಡ್ರಾಯಿಂಗ್ ಮಾಡಿಸಿ. ಬೋರ್ ತೂತನ್ನು ಮಾತ್ರ ನಿಮ್ಮ ಅಳತೆಗೆ ತಿದ್ದಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಲೇಸರ್‌ನಲ್ಲೋ ವಾಟರ್‌ಜೆಟ್‌ನಲ್ಲೋ ಕತ್ತರಿಸುವವರು ಇದ್ದಾರೆ. ಮೊದಲು ತಾಮ್ರ ಕತ್ತರಿಸಬೇಡಿ. ಅದೇ ಡ್ರಾಯಿಂಗ್‌ನಲ್ಲಿ ಒಂದು ರಟ್ಟನ್ನು ಕತ್ತರಿಸಿ, ಬ್ಲಾಕ್ ಮೇಲೆ, ಹೆಡ್ ಮೇಲೆ ಇಟ್ಟು ನೋಡಿ. ಸ್ಟಡ್‌ಗಳ ಮಧ್ಯೆ ಸಲೀಸಾಗಿ ಇಳಿಯಬೇಕು. ಆಮೇಲೆ ತಾಮ್ರ. ಕತ್ತರಿಸಿದ ಅಂಚಿನ ಮುಳ್ಳುಗಳನ್ನು ಎಣ್ಣೆ ಕಲ್ಲಿನಿಂದ ಪೂರ್ತಿ ತೆಗೆಯಿರಿ. ಉಗುರು ಆಡಿಸಿದರೆ ತಡೆಯಬಾರದು.

ತಗಡು ಹೊಸದಾಗಿದ್ದಾಗ ಗಡುಸಾಗಿರುತ್ತದೆ. ಅದನ್ನು ಕಾಯಿಸಿ ಮೆದು ಮಾಡಬೇಕು. ಮಬ್ಬು ಬೆಳಕಿನಲ್ಲಿ ಮಂದ ಕೆಂಪು ಕಾಣುವವರೆಗೆ ಎಲ್ಲ ಕಡೆ ಸಮವಾಗಿ ಕಾಯಿಸಿ. ನೀರಿನಲ್ಲಿ ಅದ್ದಿದರೂ ಸರಿ, ತಾನೇ ಆರಲು ಬಿಟ್ಟರೂ ಸರಿ, ತಾಮ್ರ ಮೆತ್ತಗಾಗುತ್ತದೆ. ಸ್ಟೀಲ್‌ನ ಹಾಗೆ ನೀರಿಗೆ ಹಾಕಿದರೆ ಗಟ್ಟಿಯಾಗುವುದಿಲ್ಲ. ನೀರಿಗೆ ಹಾಕುವುದರ ಲಾಭ ಏನೆಂದರೆ ಮೇಲಿನ ಕಪ್ಪು ಪೊರೆ ಉದುರುತ್ತದೆ. ಒಮ್ಮೆ ಹಾಕಿ ಬಿಚ್ಚಿದ ತಾಮ್ರ ಒತ್ತಡಕ್ಕೆ ಮತ್ತೆ ಗಡುಸಾಗಿರುತ್ತದೆ. ಇನ್ನೊಮ್ಮೆ ಹಾಕುವ ಮೊದಲು ಇನ್ನೊಮ್ಮೆ ಕಾಯಿಸಬೇಕು.

ತಾಮ್ರ ಬೆಂಕಿಗೆ ಗಟ್ಟಿ. ಆದರೆ ನೀರು, ಆಯಿಲ್ ತಡೆಯುವುದರಲ್ಲಿ ಅಷ್ಟು ಒಳ್ಳೆಯದಲ್ಲ. ಅದರಲ್ಲಿ ಹಿಸುಕಿಕೊಳ್ಳುವ ಮೆತ್ತನೆಯ ಪದರ ಇಲ್ಲ. ಅದಕ್ಕೇ ಎರಡೂ ಮುಖಕ್ಕೆ ತಾಮ್ರದ ಗ್ಯಾಸ್ಕೆಟ್ ಸ್ಪ್ರೇ ತೆಳುವಾಗಿ ಹೊಡೆಯಬೇಕು. ನೀರಿನ ತೂತುಗಳ ಸುತ್ತ ಸೀಲಂಟ್‌ನ ಕೂದಲೆಳೆಯಷ್ಟು ಗೆರೆ ಸಾಕು. ದಪ್ಪವಾಗಿ ಸಿಲಿಕಾನ್ ಬಳಿದರೆ ಅದು ಒಳಕ್ಕೆ ಉಕ್ಕಿ, ತುಂಡಾಗಿ, ರಾಕರ್‌ಗೆ ಹೋಗುವ ಆಯಿಲ್ ದಾರಿಯನ್ನು ಮುಚ್ಚುತ್ತದೆ. ಕಾಂಪೋಸಿಟ್ ಗ್ಯಾಸ್ಕೆಟ್ ಆದರೆ ಈ ಯಾವುದೂ ಬೇಡ. ಒಣಗಿದ್ದಂತೆಯೇ ಹಾಕಿ, ತಯಾರಿಸಿದವರು ಬೇರೆ ಹೇಳದಿದ್ದರೆ.

ರೇಸಿಗೆ, ಜಾಸ್ತಿ ಕಂಪ್ರೆಷನ್‌ಗೆ ಮಾಡುವವರು ಬೋರಿನ ಸುತ್ತ ಬ್ಲಾಕಿನಲ್ಲಿ ಸಣ್ಣ ಕಾಲುವೆ ಕೊರೆದು ಸುಮಾರು 1 ಮಿಲಿಮೀಟರ್ ದಪ್ಪದ ಸ್ಟೀಲ್ ತಂತಿ ಕೂರಿಸುತ್ತಾರೆ. ತಂತಿ ಡೆಕ್‌ಗಿಂತ ಕಾಲು ಮಿಲಿಮೀಟರ್‌ನಷ್ಟು ಮೇಲೆ ನಿಲ್ಲುತ್ತದೆ, ಬಿಗಿ ಮಾಡಿದಾಗ ತಾಮ್ರವನ್ನು ಕಚ್ಚುತ್ತದೆ. ಸೊಗಸಾದ ಉಪಾಯ. ಆದರೆ ಅರವತ್ತಕ್ಕೆ ಹೋದ ಬ್ಲಾಕಿನ ಕಿರಿದಾದ ಪಟ್ಟಿಯಲ್ಲಿ ಎರಡು ಕಾಲುವೆ ಕೊರೆಯಲು ಜಾಗ ಇದೆಯಾ ಅಂತ ಮೊದಲು ಅಳೆಯಿರಿ. ಸಾಧಾರಣ ಓಡಾಟದ ಕಾರಿಗೆ ನಾನು ಇದನ್ನು ಹೇಳುವುದಿಲ್ಲ.

ದಪ್ಪದ ವಿಷಯ ಬಂತಲ್ಲ, ಕಂಪ್ರೆಷನ್ ಲೆಕ್ಕ ಹಾಕಿಬಿಡೋಣ. ಪೆನ್ನು ಇದ್ದರೆ ಬರೆದುಕೊಳ್ಳಿ. 1489ರ ಒಂದು ಸಿಲಿಂಡರಿನ ಅಳತೆ 372 ಸಿಸಿ. ಕಂಪ್ರೆಷನ್ ಅನುಪಾತ, ಅಂದರೆ ಮಿಶ್ರಣ ಎಷ್ಟು ಪಟ್ಟು ಹಿಸುಕಿಕೊಳ್ಳುತ್ತದೆ ಅನ್ನುವುದು, 7.2 ಅಂತಿಟ್ಟುಕೊಂಡರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 60 ಸಿಸಿ. ಅರವತ್ತಕ್ಕೆ ಬೋರ್ ಮಾಡಿದಾಗ ಸಿಲಿಂಡರ್ 388 ಸಿಸಿ ಆಯಿತು. ಮೇಲಿನ ಜಾಗ ಅಷ್ಟೇ ಇದೆ. ಬೇರೇನೂ ಮಾಡದೆ ಕಂಪ್ರೆಷನ್ ಏಳೂವರೆ ಹತ್ತಿರ ಬಂತು. ಹೆಡ್ ಬಗ್ಗಿದೆ ಅಂತ 1 ಮಿಲಿಮೀಟರ್ ಫೇಸಿಂಗ್ ಮಾಡಿಸಿದಿರಿ, ಅಂದರೆ ಕೆಳಮುಖ ಕೆತ್ತಿಸಿ ಸಮ ಮಾಡಿಸಿದಿರಿ, ಅಂದಾಜು 3 ಸಿಸಿ ಹೋಯಿತು. ಹಳೆಯ ಗ್ಯಾಸ್ಕೆಟ್‌ಗಿಂತ 0.4 ಮಿಲಿಮೀಟರ್ ತೆಳುವಾದದ್ದು ಹಾಕಿದಿರಿ, ಇನ್ನೂ 1.8 ಸಿಸಿ ಹೋಯಿತು. ಈಗ ಉಳಿದದ್ದು 55 ಸಿಸಿ ಚಿಲ್ಲರೆ. ಕಂಪ್ರೆಷನ್ 8 ಆಯಿತು. ಯಾರೂ ಬೇಕೆಂದು ಏರಿಸಲಿಲ್ಲ, ಮೂರು ಸಣ್ಣ ಕೆಲಸ ಸೇರಿ ಏರಿತು.

8 ಅಂದರೆ ಭಯಪಡುವಂಥದ್ದಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್ ಅದನ್ನು ತಾಳಿಕೊಳ್ಳುತ್ತದೆ. ಆದರೆ ಇಗ್ನಿಷನ್ ಟೈಮಿಂಗ್ ಹಳೆಯದೇ ಇರಲಿ ಅಂತ ಬಿಡಬೇಡಿ, ಕಿವಿಗೊಟ್ಟು ಕೇಳಿ ಹೊಂದಿಸಿ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಆಮ್ಲಜನಕ ಸೇರಿರುತ್ತದೆ. ಹಳೆಯ ಜೆಟ್ ಇರುವ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಪ್ಲಗ್ ಬಣ್ಣ ಬಿಳುಚಿದ್ದರೆ ಜೆಟ್ ನೋಡಿಸಿ. ಗ್ಯಾಸ್ಕೆಟ್‌ನ ಮಡಿಕೆಯನ್ನು ನಾಕಿಂಗ್‌ನಷ್ಟು, ಅಂದರೆ ಮಿಶ್ರಣ ತಾನಾಗಿ ಸಿಡಿದು ಕಟಕಟ ಅನ್ನುವುದರಷ್ಟು, ಬೇಗ ಕೊಲ್ಲುವುದು ಬೇರೆ ಯಾವುದೂ ಇಲ್ಲ.

ಕಂಪ್ರೆಷನ್ ಇಳಿಸಲು ದಪ್ಪ ಗ್ಯಾಸ್ಕೆಟ್ ಹಾಕಬಹುದಾ, ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಇಡಬಹುದಾ ಅಂತ ಕೇಳುತ್ತಾರೆ. ಎರಡು ಇಡುವುದು ಬೇಡ. ಸೋರುವ ಮುಖಗಳು ಎರಡಿದ್ದದ್ದು ಮೂರಾಗುತ್ತವೆ, ಮೆತ್ತನೆಯ ಪದರ ಎರಡು ಪಟ್ಟಾಗಿ ನಟ್ ಬೇಗ ಸಡಿಲವಾಗುತ್ತದೆ. ದಪ್ಪ ಗ್ಯಾಸ್ಕೆಟ್‌ನಲ್ಲೂ ಒಂದು ತೊಂದರೆ ಇದೆ. ಆ ಹೃದಯದ ಆಕಾರದ ಚೇಂಬರಿನ ಪಕ್ಕದಲ್ಲಿ ಹೆಡ್ ಚಪ್ಪಟೆಯಾಗಿದೆ. ಪಿಸ್ಟನ್ ಮೇಲೆ ಬಂದಾಗ ಅಲ್ಲಿನ ಮಿಶ್ರಣ ಹಿಸುಕಿಕೊಂಡು ರಭಸವಾಗಿ ಪ್ಲಗ್ ಕಡೆ ನುಗ್ಗುತ್ತದೆ, ಚೆನ್ನಾಗಿ ಬೆರೆತು ಬೇಗ ಉರಿಯುತ್ತದೆ. ದೂರ ಹೆಚ್ಚಿದರೆ ಆ ರಭಸ ಹೋಗುತ್ತದೆ. ಕಂಪ್ರೆಷನ್ ಇಳಿದರೂ ನಾಕಿಂಗ್ ಇಳಿಯದೆ ಇರಬಹುದು. ಅದರ ಬದಲು ಚೇಂಬರ್‌ನಿಂದ ಸ್ವಲ್ಪ ಲೋಹ ತೆಗೆದು ಜಾಗ ಮಾಡುವುದು ಒಳ್ಳೆಯದು.

ಈ ದೂರವನ್ನು ಅಳೆಯುವುದು ಸುಲಭ. ಪಿಸ್ಟನ್ ಮೇಲೆ, ಹೆಡ್‌ನ ಚಪ್ಪಟೆ ಭಾಗ ಬರುವ ಕಡೆ, ಮೆತ್ತನೆಯ ಸಾಲ್ಡರ್ ತಂತಿಯ ತುಂಡು ಇಟ್ಟು ಚೂರು ಗ್ರೀಸ್‌ನಿಂದ ಅಂಟಿಸಿ. ಹಳೆಯ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿ ಮಾಡಿ, ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ, ಬಿಚ್ಚಿ. ಚಪ್ಪಟೆಯಾದ ತಂತಿಯ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಹೊಸ ಗ್ಯಾಸ್ಕೆಟ್‌ನ ಒತ್ತಿದ ಮೇಲಿನ ದಪ್ಪ ಎಷ್ಟು ಅಂತ ಗೊತ್ತಿದ್ದರೆ ಉಳಿದದ್ದು ಕೂಡುವ ಕಳೆಯುವ ಲೆಕ್ಕ. ಡಬ್ಬಿಯಿಂದ ತೆಗೆದಾಗಿನ ದಪ್ಪ ಲೆಕ್ಕಕ್ಕೆ ಬರುವುದಿಲ್ಲ.

ಪದ್ಮಿನಿಯವರು ಒಂದು ವಿಷಯ ಗಮನಿಸಬೇಕು. ಅಂಬಾಸಿಡರ್‌ನ ಹೆಡ್, ಬ್ಲಾಕ್ ಎರಡೂ ಬೀಡು ಕಬ್ಬಿಣ. ಪದ್ಮಿನಿಯ ಬ್ಲಾಕ್ ಬೀಡು, ಹೆಡ್ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಬೀಡಿನ ಎರಡು ಪಟ್ಟು. 400 ಮಿಲಿಮೀಟರ್ ಉದ್ದದ ಹೆಡ್ 70 ಡಿಗ್ರಿ ಬಿಸಿಯೇರಿದರೆ ಎರಡರ ನಡುವೆ 0.3 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಪ್ರತಿ ಸಲ ಕಾಯ್ದು ಆರುವಾಗ ಹೆಡ್ ಗ್ಯಾಸ್ಕೆಟ್ ಅನ್ನು ಉಜ್ಜುತ್ತದೆ. ಹಾಗಾಗಿ ಈ ಇಂಜಿನ್‌ಗೆ ಜಾರಿಕೊಡುವ ಗ್ರಾಫೈಟ್ ಪದರ ಇರುವ ಗ್ಯಾಸ್ಕೆಟ್ ಒಳ್ಳೆಯದು. ಅಂಟಿಕೊಳ್ಳುವ ಶೆಲ್ಲಾಕ್‌ನಂಥದ್ದು ಬೇಡ. ಇಂಜಿನ್ ಬಿಸಿ ಇರುವಾಗ ಹೆಡ್ ಬಿಚ್ಚಬೇಡಿ, ಬಗ್ಗುತ್ತದೆ.

ಕೂರಿಸುವ ಕೆಲಸ. ನೇರ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ತಗಡಿನ ಫೀಲರ್ ಗೇಜ್ ತೂರಿಸಿ ನೋಡಿ. ಡೆಕ್‌ನಲ್ಲಿ, ಹೆಡ್‌ನಲ್ಲಿ 0.05 ಮಿಲಿಮೀಟರ್ ಒಳಗಿದ್ದರೆ ಉತ್ತಮ. 0.1 ದಾಟಿದರೆ ಫೇಸಿಂಗ್ ಬೇಕು. ಉದ್ದಕ್ಕೆ ಮಾತ್ರ ನೋಡಬೇಡಿ, ಮೂಲೆಯಿಂದ ಮೂಲೆಗೂ ನೋಡಿ. ಸ್ಟಡ್ ತೂತಿನ ಸುತ್ತ ಬ್ಲಾಕಿನ ಲೋಹ ಮೇಲಕ್ಕೆ ಎದ್ದಿರುತ್ತದೆ, ವರ್ಷಗಟ್ಟಲೆ ಎಳೆತಕ್ಕೆ ಸಿಕ್ಕಿ. ಸ್ಟಡ್ ತೆಗೆದು ಆ ಅಂಚನ್ನು ಸ್ವಲ್ಪ ಇಳಿಜಾರು ಮಾಡಿ. ಇದನ್ನು ಮಾಡದೆ ಎಷ್ಟೇ ಒಳ್ಳೆಯ ಗ್ಯಾಸ್ಕೆಟ್ ಹಾಕಿದರೂ ಬಿಗಿತವೆಲ್ಲ ಸ್ಟಡ್ ಸುತ್ತಲೇ ಉಳಿಯುತ್ತದೆ, ಸಿಲಿಂಡರಿನ ಪಟ್ಟಿಗೆ ತಲುಪುವುದಿಲ್ಲ. ಥ್ರೆಡ್ ತೊಳೆದು ಒಂದು ಹನಿ ಆಯಿಲ್ ಹಾಕಿ. ಮಧ್ಯದಿಂದ ಹೊರಕ್ಕೆ, ಮೂರು ಹಂತದಲ್ಲಿ, ಟಾರ್ಕ್ ರೆಂಚ್‌ನಿಂದ, ಮ್ಯಾನುಯಲ್‌ನಲ್ಲಿರುವ ಅಳತೆಗೆ ಬಿಗಿ ಮಾಡಿ. ಬೋರ್ ದೊಡ್ಡದಾಗಿದೆ ಅಂತ ಅಂದಾಜಿನ ಮೇಲೆ ಜಾಸ್ತಿ ಬಿಗಿ ಮಾಡಬೇಡಿ. ಹಳೆಯ ಸ್ಟಡ್ ಎಳೆದುಹೋಗುತ್ತದೆ.

ತಾಮ್ರದ್ದು, ಕಾಂಪೋಸಿಟ್ ಎರಡೂ ಮೊದಲ ಬಿಸಿಗೆ ಕೂತುಕೊಳ್ಳುತ್ತವೆ. ಇಂಜಿನ್ ಓಡಿಸಿ, ಪೂರ್ತಿ ಆರಲು ಬಿಟ್ಟು, ಅದೇ ಕ್ರಮದಲ್ಲಿ ಒಂದೊಂದೇ ನಟ್ ಸ್ವಲ್ಪ ಸಡಿಲಿಸಿ ಮತ್ತೆ ಅಳತೆಗೆ ತನ್ನಿ. ಸುಮಾರು 500 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ. ಮತ್ತೆ ಬಿಗಿ ಮಾಡುವುದು ಬೇಡ ಅಂತ ಗ್ಯಾಸ್ಕೆಟ್ ಜೊತೆಯ ಚೀಟಿಯಲ್ಲಿ ಬರೆದಿದ್ದರೆ ಅದನ್ನೇ ಪಾಲಿಸಿ. ಬಿಗಿ ಮಾಡಿದ ಪ್ರತಿ ಸಲವೂ ಹೆಡ್ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ವಾಲ್ವ್‌ಗೂ ರಾಕರ್‌ಗೂ ನಡುವಿನ ಟ್ಯಾಪೆಟ್ ಗ್ಯಾಪ್ ಕಡಿಮೆಯಾಗುತ್ತದೆ. ಅದನ್ನೂ ಹೊಂದಿಸಿ.

ಈ ತಲೆನೋವೆಲ್ಲ ಯಾಕೆ, ಸ್ಲೀವ್, ಅಂದರೆ ಸಿಲಿಂಡರಿನೊಳಗೆ ಹೊಸ ಕೊಳವೆ, ಹಾಕಿಸಿ ಬೋರನ್ನು ಸ್ಟ್ಯಾಂಡರ್ಡ್‌ಗೆ ತಂದುಬಿಟ್ಟರೆ ಆಗಲ್ವಾ ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಖಂಡಿತ ಆಗುತ್ತದೆ. ಅರವತ್ತು ದಾಟಬೇಕಾದ ಬ್ಲಾಕಿಗೆ, ಪಟ್ಟಿ ತೀರಾ ಕಿರಿದಾದ ಬ್ಲಾಕಿಗೆ ನಾನೂ ಅದನ್ನೇ ಹೇಳುತ್ತೇನೆ. ಸ್ಟ್ಯಾಂಡರ್ಡ್ ಪಿಸ್ಟನ್, ಸ್ಟ್ಯಾಂಡರ್ಡ್ ಗ್ಯಾಸ್ಕೆಟ್, ಹುಡುಕಾಟ ಕಡಿಮೆ. ಆದರೆ ಸ್ಲೀವ್‌ನ ಗೋಡೆ 2 ಮಿಲಿಮೀಟರ್ ಆಸುಪಾಸು ದಪ್ಪ ಇರುತ್ತದೆ. ಅಂದರೆ ಸ್ಲೀವ್‌ಗೂ ಬ್ಲಾಕಿಗೂ ನಡುವಿನ ಗೆರೆ ಸರಿಯಾಗಿ ಫೈರ್ ರಿಂಗ್‌ನ ಕೆಳಗೇ ಬರುತ್ತದೆ. ಸ್ಲೀವ್ 0.05 ಮಿಲಿಮೀಟರ್ ಕೆಳಗೆ ಕುಸಿದರೂ ರಿಂಗ್ ಅರ್ಧ ಭಾಗ ಗಾಳಿಯಲ್ಲಿ ನಿಂತ ಹಾಗೆ. ಅದಕ್ಕೇ ಬೋರಿಂಗ್‌ನವರಿಗೆ ಎರಡು ಮಾತು ಹೇಳಿ. ಸ್ಲೀವ್ ಕೆಳಗೆ ಜಾರದಂತೆ ಬೋರಿನ ತಳದಲ್ಲಿ ಒಂದು ಮೆಟ್ಟಿಲು ಬಿಡಬೇಕು, ಇಲ್ಲವೇ ಮೇಲೆ ಕಾಲರ್ ಇರುವ ಸ್ಲೀವ್ ಹಾಕಬೇಕು. ಡೆಕ್ ಫೇಸಿಂಗ್ ಅನ್ನು ಸ್ಲೀವ್ ಒತ್ತಿ ಕೂರಿಸಿದ ಮೇಲೆ ಮಾಡಬೇಕು, ಮೊದಲು ಮಾಡಬಾರದು. ಬ್ಲಾಕ್ ವಾಪಸ್ ಬಂದಾಗ ಆ ಗೆರೆಯ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಬ್ಲಾಕ್ ಇಳಿಸಿಕೊಳ್ಳದೆ ಅಲ್ಲಿಂದಲೇ ಮತ್ತೆ ಫೇಸಿಂಗ್‌ಗೆ ಕಳಿಸಿ.